ಜಾರುವ ಕಾಲನ್ನು ನೋಡಿ: ಸ್ಕೇಟ್ ಸ್ಕೀ ರಸಿಕರಿಗೊಂದು ಕೈಪಿಡಿ

ಚಳಿಗಾಲದ ಒಲಿಂಪಿಕ್ಸ್ ಬಂದಾಗ ನಮ್ಮವರು ಟಿ.ವಿ.ಯಲ್ಲಿ ಬೆಟ್ಟದಿಂದ ಧುಮುಕುವವರನ್ನು, ಗಾಳಿಯಲ್ಲಿ ಪಲ್ಟಿ ಹೊಡೆಯುವವರನ್ನು ಬಾಯಿ ಬಿಟ್ಟುಕೊಂಡು ನೋಡುತ್ತಾರೆ. ಏರು, ಇಳಿಜಾರು, ಬಯಲು ಎನ್ನದೆ ಗಂಟೆಗಟ್ಟಲೆ ಸಾಗುವ ಕ್ರಾಸ್-ಕಂಟ್ರಿ ಸ್ಕೀಯಿಂಗ್ ಶುರುವಾಯಿತೆಂದರೆ ಚಾನೆಲ್ ಬದಲಾಗುತ್ತದೆ. ಆಟ ನೀರಸವಾದದ್ದೇನಲ್ಲ. ಅದರಲ್ಲಿ ಏನನ್ನು ನೋಡಬೇಕೆಂದು ಯಾರೂ ಹೇಳಿಕೊಟ್ಟಿಲ್ಲ, ಅಷ್ಟೇ.

ಈ ಆಟದಲ್ಲಿ ಎರಡು ಶೈಲಿಗಳಿವೆ. ಹಿಮದಲ್ಲಿ ಕೊರೆದ ಜೋಡಿ ಹಳಿಯೊಳಗೆ ಎರಡೂ ಸ್ಕೀಗಳನ್ನು ನೇರವಾಗಿ ಇಟ್ಟುಕೊಂಡು ಸಾಗುವುದು ಕ್ಲಾಸಿಕ್. ಸ್ಕೇಟ್ ಶೈಲಿಗೆ ಹಳಿ ಬೇಡ, ಯಂತ್ರದಿಂದ ಹದ ಮಾಡಿದ ಅಗಲವಾದ ದಾರಿ ಬೇಕು. ಸ್ಕೀಗಳ ಮೂತಿ ಹೊರಕ್ಕೆ ತೆರೆದಿರುತ್ತದೆ. ಒಂದು ಸ್ಕೀಯ ಒಳ ಅಂಚನ್ನು ಹಿಮಕ್ಕೆ ಊರಿ ದೂಡಿದರೆ ಮೈ ಇನ್ನೊಂದು ಸ್ಕೀಯ ಮೇಲೇರಿ ಜಾರುತ್ತದೆ. ಬೂಟಿನ ತುದಿಯಷ್ಟೇ ಸ್ಕೀಗೆ ಅಂಟಿಕೊಂಡಿರುತ್ತದೆ, ಹಿಮ್ಮಡಿ ಬಿಡುವಾಗಿರುತ್ತದೆ.

ಹೊಸಬರ ಕಣ್ಣು ಸಹಜವಾಗಿಯೇ ದೂಡುವ ಕಾಲಿಗೆ ಹೋಗುತ್ತದೆ, ಶ್ರಮ ಕಾಣುವುದು ಅಲ್ಲಿ. ಅದನ್ನು ಬಿಟ್ಟು ಜಾರುತ್ತಿರುವ ಕಾಲನ್ನು ನೋಡಿ. ಸ್ಕೀಯರ್‌ನ ಗುಣ ತಿಳಿಯುವುದು ಅಲ್ಲಿಯೇ. ಪಳಗಿದವರ ಸೊಂಟ, ಮಂಡಿ, ಪಾದ ಒಂದೇ ಗೆರೆಯಲ್ಲಿ ನಿಲ್ಲುತ್ತವೆ. ಸ್ಕೀಯ ತಳ ಹಿಮದ ಮೇಲೆ ಸಪಾಟಾಗಿ ಮಲಗಿರುತ್ತದೆ. ಮೈಯ ಪೂರ್ತಿ ಭಾರವನ್ನು ಆ ಒಂದೇ ಸ್ಕೀಗೆ ಒಪ್ಪಿಸಿ, ಇನ್ನೊಂದು ಕಾಲನ್ನು ಅವಸರವಿಲ್ಲದೆ ಒಳಕ್ಕೆ ಎಳೆದುಕೊಳ್ಳುತ್ತಾರೆ. ಹೊಸಬರಿಗೆ ಒಂಟಿ ಕಾಲಿನ ಮೇಲೆ ನಿಲ್ಲುವ ಧೈರ್ಯವಿರುವುದಿಲ್ಲ. ಭಾರವನ್ನು ಅರ್ಧ ಮಾತ್ರ ದಾಟಿಸುತ್ತಾರೆ, ಸ್ಕೀ ಕೂಡಲೇ ಒಳ ಅಂಚಿಗೆ ವಾಲಿ ಹಿಮವನ್ನು ಕೆರೆಯುತ್ತದೆ. ಕೆರೆದಷ್ಟೂ ವೇಗಕ್ಕೆ ಕತ್ತರಿ. ಕಣ್ಣು ಮುಚ್ಚಿಕೊಂಡರೂ ಈ ವ್ಯತ್ಯಾಸ ಗೊತ್ತಾಗುತ್ತದೆ: ಒಬ್ಬರದು ಉದ್ದನೆಯ ಸದ್ದು, ಇನ್ನೊಬ್ಬರದು ಬರೀ ಕರಕರ.

ಎರಡನೆಯದಾಗಿ, ಕೈಯಲ್ಲಿನ ಕೋಲುಗಳು ಹಿಮಕ್ಕೆ ಬೀಳುವುದನ್ನು ಎಣಿಸಿ. ಇದು ತಾಳ ಹಾಕಿದಂತೆ. ಅಮೆರಿಕದವರು ವಿ-1 ಎನ್ನುವ ನಡೆಯಲ್ಲಿ ಎರಡು ಹೆಜ್ಜೆಗೆ ಒಮ್ಮೆ ಮಾತ್ರ ಕೋಲು ಬೀಳುತ್ತದೆ, ಅದೂ ಒಂದು ಕಾಲಿನ ಜತೆಗೇ. ಹಾಗಾಗಿ ನೋಡಲು ಸ್ವಲ್ಪ ಕುಂಟಿದಂತಿರುತ್ತದೆ. ಇದು ಏರಿನ ನಡೆ. ವಿ-2ರಲ್ಲಿ ಪ್ರತಿ ಹೆಜ್ಜೆಗೂ ಕೋಲು ಬೀಳುತ್ತದೆ, ಇದಕ್ಕೆ ತೋಳಿನ ಬಲವೂ ಸಮತೋಲನವೂ ಬೇಕು. ವೇಗ ಕೂಡಿದ ಬಯಲಲ್ಲಿ ಮತ್ತೆ ಎರಡು ಹೆಜ್ಜೆಗೊಂದು ಕೋಲು, ಆದರೆ ಇಲ್ಲಿ ಕುಂಟಿಲ್ಲ, ದೊಡ್ಡ ತೂಗಾಟವಿದೆ. ಇಳಿಜಾರಲ್ಲಿ ಕೋಲನ್ನು ಕಂಕುಳಲ್ಲಿ ಅವುಚಿಕೊಂಡು ಕುಕ್ಕರಿಸುತ್ತಾರೆ. ಒಂದು ನಡೆಯಿಂದ ಇನ್ನೊಂದಕ್ಕೆ ಯಾವಾಗ ಬದಲಾಯಿಸುತ್ತಾರೆ ಎಂಬುದೇ ಸ್ವಾರಸ್ಯ. ಹವ್ಯಾಸಿಗಳು ಏರಿನಲ್ಲಿ ವೇಗವೆಲ್ಲ ಸತ್ತ ಮೇಲೆ ಬದಲಾಯಿಸುತ್ತಾರೆ, ನೆತ್ತಿ ಮುಟ್ಟಿದೊಡನೆ ದಣಿವಾರಿಸಿಕೊಳ್ಳುತ್ತಾರೆ. ಅನುಭವಿಗಳು ನೆತ್ತಿಯ ಆಚೆಗೂ ನಾಲ್ಕೈದು ಹೆಜ್ಜೆ ಬಿಡದೆ ದೂಡಿ, ಗಳಿಸಿದ ವೇಗದಲ್ಲಿ ಇಳಿಯುತ್ತಾರೆ. ಆದ್ದರಿಂದ ನೋಡಲು ನಿಲ್ಲಬೇಕಾದ ಜಾಗ ಏರಿನ ನೆತ್ತಿ. ಗೆರೆ ದಾಟುವ ಕಡೆ ಗದ್ದಲವೇ ಹೆಚ್ಚು.

ಸ್ಕೇಟ್ ಶೈಲಿಗೆ ವಯಸ್ಸೂ ಹೆಚ್ಚಿಲ್ಲ. ಫಿನ್ಲೆಂಡಿನ ಪೌಲಿ ಸೀಟೋನೆನ್ 1970ರ ದಶಕದ ದೂರದ ಓಟಗಳಲ್ಲಿ ಒಂದು ಕಾಲನ್ನು ಹಳಿಯಲ್ಲೇ ಇಟ್ಟು ಇನ್ನೊಂದರಿಂದ ಪಕ್ಕಕ್ಕೆ ದೂಡುತ್ತಿದ್ದರು. ಅಮೆರಿಕದ ಬಿಲ್ ಕಾಕ್ ಇದೇ ಹೆಜ್ಜೆಯನ್ನು ಬಳಸಿಕೊಂಡು 1982ರಲ್ಲಿ ವಿಶ್ವಕಪ್ ಗೆದ್ದರು. 1985ರಲ್ಲಿ ಆಸ್ಟ್ರಿಯಾದ ಸೀಫೆಲ್ಡ್‌ನಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಸ್ಕೇಟಿಂಗ್ ಹಳೆಯ ಶೈಲಿಯನ್ನು ಬದಿಗೊತ್ತಿತು. ಸಂಪ್ರದಾಯಸ್ಥರು ಸಿಡಿಮಿಡಿಗೊಂಡರು. ಕೊನೆಗೆ ಓಟಗಳನ್ನೇ ಎರಡಾಗಿ ಹಂಚಲಾಯಿತು, 1988ರ ಕ್ಯಾಲ್ಗರಿ ಒಲಿಂಪಿಕ್ಸ್‌ನಲ್ಲಿ ಎರಡಕ್ಕೂ ಬೇರೆ ಬೇರೆ ಪದಕ. ಕ್ಲಾಸಿಕ್ ಉಳಿದದ್ದು ಈ ಪಾಲುಪಟ್ಟಿಯಿಂದಲೇ ಎಂದು ನನ್ನ ಅಭಿಪ್ರಾಯ.

ಸ್ಕೀ ಕೊಳ್ಳುವವರಿಗೆ ಒಂದು ಮಾತು. ಬಣ್ಣವನ್ನೂ ಹೆಸರನ್ನೂ ಮರೆತು ಬಿಗಿತ ನೋಡಿ. ಸ್ಕೇಟ್ ಸ್ಕೀ ಕ್ಲಾಸಿಕ್‌ಗಿಂತ ಗಿಡ್ಡ, ಸಾಮಾನ್ಯವಾಗಿ ನಿಮ್ಮ ಎತ್ತರಕ್ಕಿಂತ ಐದರಿಂದ ಹದಿನೈದು ಸೆಂ.ಮೀ. ಹೆಚ್ಚಿದ್ದರೆ ಸಾಕು. ಅದರ ನಡುಭಾಗ ಬಿಲ್ಲಿನಂತೆ ಮೇಲೆದ್ದಿರುತ್ತದೆ, ಅದನ್ನು ಬಗ್ಗಿಸುವುದು ನಿಮ್ಮ ತೂಕ. ಹೀಗಾಗಿ ಒಂದೇ ಎತ್ತರದ ಇಬ್ಬರಿಗೆ ಒಂದೇ ಸ್ಕೀ ಹೊಂದದೇ ಇರಬಹುದು. ಮೆದುವಾದರೆ ದೂಡುವಾಗ ನಡು ಕುಸಿದು ಹಿಮಕ್ಕೆ ಅಂಟುತ್ತದೆ, ತೀರಾ ಬಿಗಿಯಾದರೆ ತುದಿಗಳ ಮೇಲಷ್ಟೇ ನಿಂತು ಹಿಡಿತ ತಪ್ಪುತ್ತದೆ. ಅಂಗಡಿಯವರು ನಿಮ್ಮನ್ನು ಸ್ಕೀ ಮೇಲೆ ನಿಲ್ಲಿಸಿ ಅಡಿಯಲ್ಲಿ ಕಾಗದ ಸರಿಸಿ ನೋಡದೆ ಬಿಲ್ ಬರೆದರೆ ಬೇರೆ ಅಂಗಡಿಗೆ ಹೋಗಿ. ಬೂಟು ಕಣಕಾಲನ್ನು ಬಿಗಿಯಾಗಿ ಹಿಡಿಯಬೇಕು, ಕೋಲು ಗದ್ದ ಮತ್ತು ಮೂಗಿನ ನಡುವೆ ಬರಬೇಕು.

ಸ್ಕೀಯ ತಳಕ್ಕೆ ಹಚ್ಚುವ ಮೇಣದ ಲೋಕ ಬೇರೆಯೇ ಇದೆ. ಕೊರೆಯುವ ಚಳಿಯ ಒಣ ಹಿಮದ ಹರಳು ಮೊನಚು, ಅದಕ್ಕೆ ಗಟ್ಟಿ ಮೇಣ, ನುಣುಪು ತಳ. ಒದ್ದೆ ಹಿಮದಲ್ಲಿ ನೀರಿನ ಪದರ ಸ್ಕೀಯನ್ನು ಹೀರಿಕೊಳ್ಳುತ್ತದೆ, ಆಗ ನೀರು ಹರಿದುಹೋಗಲು ತಳದಲ್ಲಿ ದಪ್ಪ ಗೀರುಗಳು ಬೇಕು. ಫ್ಲೋರಿನ್ ಬೆರೆಸಿದ ಮೇಣ ಇಂಥ ಹಿಮದಲ್ಲಿ ಅದ್ಭುತವಾಗಿ ಜಾರುತ್ತಿತ್ತು, ಆದರೆ ಅದು ಮಣ್ಣು ನೀರಿನಲ್ಲಿ ನಾಶವಾಗದೆ ಉಳಿಯುವ ವಿಷ. 2023-24ರ ಋತುವಿನಿಂದ ಅಂತರರಾಷ್ಟ್ರೀಯ ಸ್ಕೀ ಒಕ್ಕೂಟ ಅದನ್ನು ಸ್ಪರ್ಧೆಗಳಲ್ಲಿ ನಿಷೇಧಿಸಿತು. ದುಬಾರಿ ಮೇಣಕ್ಕೆ ಹಣ ಸುರಿಯುತ್ತಿದ್ದ ಹವ್ಯಾಸಿಗಳಿಗೂ ಒಳ್ಳೆಯದೇ ಆಯಿತು.

ಹವ್ಯಾಸಿಗಳ ಜಾತ್ರೆ ನೋಡಬೇಕೆಂದರೆ ಸ್ವಿಟ್ಜರ್ಲೆಂಡಿನ ಎಂಗಡೀನ್ ಸ್ಕೀ ಮ್ಯಾರಥಾನ್ ಇದೆ. 1969ರಿಂದ ನಡೆಯುತ್ತಿರುವ ಇದು ಮಾರ್ಚಿ ತಿಂಗಳಲ್ಲಿ ಮಲೋಯಾದಿಂದ ಹೊರಟು, ಹೆಪ್ಪುಗಟ್ಟಿದ ಸರೋವರಗಳ ಮೇಲೆ ಹಾದು 42 ಕಿ.ಮೀ. ಸಾಗುತ್ತದೆ. ಹತ್ತು ಸಾವಿರಕ್ಕೂ ಹೆಚ್ಚು ಮಂದಿ ಸೇರುವುದರಿಂದ ಆರಂಭದಲ್ಲಿ ಕಾಲು ಚಾಚಲು ಜಾಗವಿರುವುದಿಲ್ಲ. ಪಕ್ಕದವರ ಸ್ಕೀ ನಿಮ್ಮ ಕೋಲನ್ನು ಮುರಿಯಬಹುದು. ಬುದ್ಧಿವಂತರು ಮೊದಲಿಗೆ ಎರಡೂ ಕೋಲುಗಳಿಂದಷ್ಟೇ ದೂಡುತ್ತಾ ಸಾಗುತ್ತಾರೆ. ಮುಂದೆ ಸ್ಟಾಜ್ ಕಾಡಿನ ಇಳಿಜಾರಲ್ಲಿ ಮರಗಳಿಗೆ ಹಾಸಿಗೆ ಸುತ್ತಿರುತ್ತಾರೆ, ಏಕೆಂದು ಅಲ್ಲಿ ಐದು ನಿಮಿಷ ನಿಂತರೆ ತಿಳಿಯುತ್ತದೆ. ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ 1973ರಿಂದ ನಡೆಯುತ್ತಿರುವ ಬಿರ್ಕಬೈನರ್ ಇನ್ನೊಂದು. ಅದು ಏರಿಳಿತದ ದಾರಿ, ತೊಡೆಗೆ ಕಠಿಣ.

ಹಿಮವಿಲ್ಲದ ಊರಿನವರಿಗೆ ಈ ಆಟ ದಕ್ಕದೆಂದು ತಿಳಿಯಬೇಡಿ. ಕೊಡಗಿನ ತೆಕ್ಕಡ ಭವಾನಿ ನಂಜುಂಡ ಕ್ರಾಸ್-ಕಂಟ್ರಿಯಲ್ಲಿ ದೇಶವನ್ನು ಪ್ರತಿನಿಧಿಸಿದ್ದಾರೆ. ಯೂರೋಪಿನ ಸ್ಕೀಯರ್‌ಗಳು ಕೂಡ ಬೇಸಿಗೆಯಿಡೀ ಗಾಲಿ ಕಟ್ಟಿದ ರೋಲರ್ ಸ್ಕೀಗಳ ಮೇಲೆ ಡಾಂಬರು ರಸ್ತೆಯಲ್ಲೇ ಬೆವರು ಹರಿಸುತ್ತಾರೆ.

ಎಂದಾದರೂ ಹಿಮದ ನಾಡಿಗೆ ಹೋದರೆ ಒಂದೇ ಕೋರಿಕೆ: ಹದ ಮಾಡಿದ ದಾರಿಯ ಮೇಲೆ ಬೂಟುಗಾಲಲ್ಲಿ ನಡೆಯಬೇಡಿ. ನಿಮ್ಮ ಹೆಜ್ಜೆಗುಳಿ ರಾತ್ರಿ ಹೆಪ್ಪುಗಟ್ಟಿ, ಬೆಳಿಗ್ಗೆ ಬಂದ ಸ್ಕೀಯರ್‌ನ ಕಾಲು ತಿರುಚುತ್ತದೆ. ಅಂಚಿನಲ್ಲಿ ನಿಂತು ನೋಡಿ.