ತೆರೆಯ ಹೊರಗಿನ ಕಥೆ

ಚಲನಚಿತ್ರದ ಜಾಹೀರಾತನ್ನೂ ವಿಮರ್ಶೆಗೆ ಎತ್ತಿಕೊಳ್ಳುವುದೇ ಎಂದು ಕೆಲವರು ಹುಬ್ಬೇರಿಸಿಯಾರು. ಭಿತ್ತಿಪತ್ರದ ಮಾತಾಗಿದ್ದರೆ ಆ ಆಕ್ಷೇಪಣೆಯನ್ನು ಒಪ್ಪಬಹುದಿತ್ತು. ಆದರೆ ಚಿತ್ರಕ್ಕಾಗಿ ಅಂತರ್ಜಾಲದಲ್ಲಿ ಒಂದು ಲೋಕವನ್ನೇ ಕಟ್ಟಿ, ನೋಡುಗನನ್ನು ಅದರೊಳಗೆ ಅಲೆದಾಡಿಸುವ ಜಾಲತಾಣ ಬರಿಯ ಕರೆಯೋಲೆಯಲ್ಲ. ಅದೂ ಕಥೆ ಹೇಳುತ್ತದೆ. ಕಥೆ ಹೇಳಿದ ಮೇಲೆ ಔಚಿತ್ಯದ ಪ್ರಶ್ನೆಯನ್ನು ಎದುರಿಸಲೇಬೇಕು.

ಈ ಬಗೆಯ ತಾಣಗಳಲ್ಲಿ ಬಹು ಪ್ರಸಿದ್ಧವಾದದ್ದು 1999ರ ಅಮೆರಿಕನ್ ಚಿತ್ರ 'ದಿ ಬ್ಲೇರ್ ವಿಚ್ ಪ್ರಾಜೆಕ್ಟ್'ನದು. ಡೇನಿಯಲ್ ಮಿರಿಕ್ ಮತ್ತು ಎಡ್ವರ್ಡೊ ಸ್ಯಾಂಚೆಜ್ ಅದರ ನಿರ್ದೇಶಕರು. ಮೇರಿಲೆಂಡಿನ ಕಾಡಿಗೆ ಹೋದ ಮೂವರು ವಿದ್ಯಾರ್ಥಿಗಳು ಕಾಣೆಯಾಗುತ್ತಾರೆ. ಅವರು ತೆಗೆದ ಚಿತ್ರಸುರುಳಿ ಮಾತ್ರ ಸಿಕ್ಕುತ್ತದೆ. ಚಿತ್ರ ತೆರೆ ಕಾಣುವ ಮೊದಲೇ ತಾಣದಲ್ಲಿ ಮಾಟಗಾತಿಯ ಐತಿಹ್ಯ ವರ್ಷವಾರಿಯಾಗಿ ಸಿದ್ಧವಾಗಿತ್ತು. ಶೋಧದ ಛಾಯಾಚಿತ್ರಗಳಿದ್ದವು, ಕಾಣೆಯಾದ ಹುಡುಗಿಯ ದಿನಚರಿಯ ಹಾಳೆಗಳಿದ್ದವು. ಮಾಟಗಾತಿಯನ್ನು ಎಲ್ಲಿಯೂ ತೋರಿಸದೆ, ಚೂರುಪಾರುಗಳನ್ನು ಓದುಗನೇ ಜೋಡಿಸಿಕೊಂಡು ಹೆದರುವಂತೆ ಮಾಡಿದ್ದು ಸಾಮಾನ್ಯ ಕೌಶಲವಲ್ಲ. ನಮ್ಮ ಆಲಂಕಾರಿಕರು ಧ್ವನಿ ಎಂದು ಕರೆದದ್ದಕ್ಕೆ ಇದು ದೂರದ ನಂಟಸ್ತಿಕೆಯಾದರೂ ಉಳ್ಳದ್ದು.

ಆದರೆ ಪಾತ್ರಗಳಿಗೆ ನಟರ ಸ್ವಂತ ಹೆಸರುಗಳನ್ನೇ ಇಟ್ಟಿದ್ದರು. ಅವರು ನಿಜವಾಗಿಯೂ ಸತ್ತರೆಂದು ಎಷ್ಟೋ ಮಂದಿ ನಂಬಿದರು. ನಟಿಯ ತಾಯಿಗೆ ಸಂತಾಪಪತ್ರಗಳು ಬಂದವು. ನಾಟಕದ ದುಃಖವನ್ನು ಸವಿಯುವ ಸಹೃದಯನಿಗೆ ಅದು ನಾಟಕವೆಂಬ ಅರಿವು ಇರುತ್ತದೆ. ಆ ಅರಿವನ್ನೇ ಕದ್ದರೆ ಉಳಿಯುವುದು ರಸವಲ್ಲ, ಬರಿಯ ಗಾಬರಿ. ಚಿತ್ರ ಸುಮಾರು 25 ಕೋಟಿ ಡಾಲರ್ ಗಳಿಸಿತು. ಪ್ರಚಾರಕ್ಕಾಗಿ ಸತ್ತವರಂತೆ ಮರೆಯಲ್ಲಿರಬೇಕಾದ ಆ ಮೂವರು, ತಮ್ಮ ನ್ಯಾಯವಾದ ಪಾಲನ್ನು ಕೇಳಿ 2024ರಲ್ಲಿ ಬಹಿರಂಗ ಪತ್ರ ಬರೆಯಬೇಕಾಯಿತು.

ಇದರ ಪಕ್ಕದಲ್ಲಿ ಡ್ಯಾರೆನ್ ಅರೊನೋಫ್‌ಸ್ಕಿಯ 'ರೆಕ್ವಿಯಮ್ ಫಾರ್ ಎ ಡ್ರೀಮ್' (2000) ಚಿತ್ರದ ತಾಣವನ್ನಿಡಿ. ಲಂಡನ್ನಿನ 'ಹೈ-ರೆಸ್' ಎಂಬ ವಿನ್ಯಾಸಕಾರರ ಕೃತಿ ಅದು. ಚಿತ್ರದ ವಸ್ತು ವ್ಯಸನ ಮತ್ತು ಅದರಿಂದಾಗುವ ನಾಶ. ತಾಣವೂ ಹಾಗೆಯೇ: ಒಳಹೊಕ್ಕಂತೆಲ್ಲ ಪುಟವೇ ಹದಗೆಡುತ್ತ, ಒಡೆಯುತ್ತ ಹೋಗುತ್ತಿತ್ತು. ಯಾರನ್ನೂ ನಂಬಿಸಹೊರಡಲಿಲ್ಲ, ಯಾರ ಹೆಸರನ್ನೂ ಎಳೆಯಲಿಲ್ಲ. ವಸ್ತುವಿಗೆ ತಕ್ಕ ರೂಪವನ್ನು ಹುಡುಕಿತು, ಅಷ್ಟೆ. ಗಲ್ಲಾಪೆಟ್ಟಿಗೆಯ ಲೆಕ್ಕ ಏನೇ ಇರಲಿ, ಕೃತಿಯಾಗಿ ನಮ್ಮ ಮತ ಇದಕ್ಕೆ.

ಇಂದು ಈ ಮಾತನ್ನು ಓದುಗರು ತಾವೇ ಪರೀಕ್ಷಿಸಿ ನೋಡುವುದು ಸುಲಭವಲ್ಲ. ಆ ತಾಣ ನಿಂತಿದ್ದ 'ಫ್ಲ್ಯಾಶ್' ತಂತ್ರಾಂಶವನ್ನು ಅಡೋಬಿ ಸಂಸ್ಥೆ 2020ರ ಕೊನೆಗೆ ಕೈಬಿಟ್ಟಿತು. ಅಂತಹ ಎಷ್ಟೋ ತಾಣಗಳು ಅದರೊಡನೆಯೇ ಕಣ್ಣು ಮುಚ್ಚಿದವು. ವಿಚಿತ್ರವೆಂದರೆ, ಕಪ್ಪು ಆಕಾಶದಲ್ಲಿ ನಾಲ್ಕಾರು ಗ್ರಹಗಳನ್ನು ಅಂಟಿಸಿದಂತಿರುವ, 1996ರ 'ಸ್ಪೇಸ್ ಜ್ಯಾಮ್' ಚಿತ್ರದ ಬಡಪಾಯಿ ತಾಣವನ್ನು 2021ರಲ್ಲಿ ಅದರ ಮುಂದಿನ ಚಿತ್ರ ಬಂದಾಗಲೂ ಒಡೆಯರು ಅಳಿಸದೆ ಉಳಿಸಿಕೊಂಡರು.