ಹರದೇಶಿ–ನಾಗೇಶಿ: ಗಡಿಸೀಮೆಯ ಹಾಡಿನ ವಾದ

1973ರಲ್ಲಿ ನ್ಯೂಯಾರ್ಕಿನ ಬ್ರಾಂಕ್ಸ್ ಬಡಾವಣೆಯ ನೃತ್ಯಕೂಟಗಳಿಂದ ಬೆಳೆಯತೊಡಗಿದ ರ‍್ಯಾಪ್, ಅಂದರೆ ತಾಳಕ್ಕೆ ಹೊಂದಿಸಿ ಪ್ರಾಸಬದ್ಧವಾಗಿ ಮಾತನ್ನು ಹರಿಸುವ ಕಲೆ, ಕನ್ನಡಕ್ಕೆ ಹೊಸದಾಗಿ ಬಂದಿದ್ದರೂ, ಅದರ ಜೀವಾಳವಾದ ಎದುರುಬದುರಿನ ಪದಸ್ಪರ್ಧೆ ಮರಾಠಿ ಸೀಮೆಗೆ ಅಂಟಿದ ಗಡಿಭಾಗದ ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡಗಳ ಜಾತ್ರೆಗಳಿಗೆ ಹಳೆಯ ಪರಿಚಯವೇ ಆಗಿದೆ. ಡಪ್ಪು, ತುಂತುಣಿ, ತಾಳಗಳೊಡನೆ ಹಿಮ್ಮೇಳದವರು ‘ಗೀ ಗೀ’ ಎಂದು ಸೊಲ್ಲು ಹಿಡಿಯುವ ಗೀಗೀ ಪದಗಳಲ್ಲಿ ಎರಡು ಪಂಗಡಗಳಿದ್ದು, ಗಂಡು ಅಥವಾ ಶಿವ ಹೆಚ್ಚೆಂದು ವಾದಿಸುವುದು ಹರದೇಶಿ, ಹೆಣ್ಣು ಅಥವಾ ಶಕ್ತಿ ಹೆಚ್ಚೆಂದು ವಾದಿಸುವುದು ನಾಗೇಶಿ. ಒಂದು ಮೇಳ ಪುರಾಣದೊಳಗಿನ ತೊಡಕಿನ ಪ್ರಶ್ನೆಯೊಂದನ್ನು ಹಾಡಿನಲ್ಲಿ ಒಡ್ಡಿದರೆ, ಮತ್ತೊಂದು ಹಾಡಿನಲ್ಲೇ ಅದನ್ನು ಬಿಡಿಸಿ ಮರುಸವಾಲು ಎಸೆಯಬೇಕು. ಕಂಠವೊಂದಿದ್ದರೆ ಸಾಲದು, ಓದು, ನೆನಪು, ಸಮಯಸ್ಫೂರ್ತಿ ಮೂರೂ ಬೇಕು, ಮತ್ತು ಬೆಳಗಿನವರೆಗೆ ಕದಲದೆ ಕೂರುವ ಕೇಳುಗರ ಪಾಂಡಿತ್ಯವೂ ಕಡಿಮೆಯದಲ್ಲ. ಹೆಣ್ಣಿನ ಹಿರಿಮೆಯನ್ನು ಊರೆದುರು ತರ್ಕಬದ್ಧವಾಗಿ ಮಂಡಿಸುವ ಅವಕಾಶವನ್ನು ಗಾಯಕಿಯರಿಗೆ ಕೊಟ್ಟದ್ದು ಈ ಕಲೆಯ ಅತಿದೊಡ್ಡ ಸಾಧನೆ ಎನ್ನಬೇಕು. ರ‍್ಯಾಪ್ ಹಾಡುಗಾರರು ತಮ್ಮ ಕೇರಿಯ ಹೆಸರನ್ನು ಸಾರುವಂತೆ, ಲಾವಣಿ ಎಂಬ ಕಥನಗೀತದ ಕವಿಯೂ ಕೊನೆಯ ನುಡಿಯಲ್ಲಿ ತನ್ನ ಊರು, ಗುರು, ದೈವಗಳನ್ನು ಅಂಕಿತವಾಗಿ ನೆನೆಯುತ್ತಾನೆ. ಮರಾಠಿಯ ಒಡನಾಟ ಗಾಢವಾಗಿರುವ ನಿಪ್ಪಾಣಿಯ ಸುತ್ತ ಈ ಬಗೆಯ ವಾದಕ್ಕೆ ಕಲಗಿ–ತುರಾ ಎಂಬ, ಮರಾಠಿ ಶಾಹಿರರ ಅಂದರೆ ಹಾಡುಕವಿಗಳ ಪರಂಪರೆಯ ನಂಟೂ ಇದೆ. ಕ್ಯಾಸೆಟ್ಟು, ಬಳಿಕ ಮೊಬೈಲು ಬಂದಮೇಲೆ ಇರುಳಿಡೀ ನಡೆಯುವ ವಾದ ಕೆಲವು ನಿಮಿಷಗಳ ತುಣುಕಾಗಿ ಕೇಳುಗರನ್ನು ತಲುಪುತ್ತಿದೆ. ಹಾಡು ಹೀಗೆ ದೂರಕ್ಕೆ ಹೋಗುವುದು ಸಂತೋಷದ ಸಂಗತಿಯಾದರೂ, ಎದುರಾಳಿಯ ಉತ್ತರವಿಲ್ಲದ ಸವಾಲು ಅರ್ಧ ಹಾಡು ಮಾತ್ರ.