ಒಂದು ಅಂಕಿಗೆ ಸಂದ ಅತಿಯಾದ ಮರ್ಯಾದೆ

ರಿಮೋಟ್ ವಿಮಾನ ಹಾರಿಸುವವರ ನಡುವೆ ಬ್ಯಾಟರಿ ವೋಲ್ಟೇಜಿನ ಟೆಲಿಮೆಟ್ರಿಗೆ ಸಿಕ್ಕಿರುವ ಮರ್ಯಾದೆ ಅದರ ಯೋಗ್ಯತೆಗಿಂತ ಬಹಳ ಹೆಚ್ಚಿನದು. ವಿಮಾನದೊಳಗೊಂದು ಸೆನ್ಸರ್, ರಿಮೋಟಿನ ಪರದೆಯ ಮೇಲೊಂದು ಅಂಕಿ, ಸೆಲ್‌ಗೆ 3.5 ವೋಲ್ಟ್ ಮುಟ್ಟಿದಾಗ ಕೂಗುವ ಅಲಾರಂ. ಇಷ್ಟು ಜೋಡಿಸಿದರೆ ಸುರಕ್ಷತೆಯ ಕೆಲಸ ಮುಗಿಯಿತು ಎಂಬ ನಂಬಿಕೆ ಬೇರೂರಿದೆ. ಹವ್ಯಾಸಿಯ ಪಾಲಿಗೆ ಈ ನಂಬಿಕೆ ಹುಸಿಯಾದರೆ ಒಂದು ಫೋಮ್ ರೆಕ್ಕೆ ಮುರಿದೀತು. ಆದರೆ ಅದೇ ಲೈಪೋ ಬ್ಯಾಟರಿ, ಅದೇ ಅಲಾರಂ ಪದ್ಧತಿ ಈಗ ಆಳಂದ, ಅಫಜಲಪುರ, ಜೇವರ್ಗಿಯ ಎರೆ ಹೊಲಗಳಿಗೂ ಬಂದಿದೆ. 2019ರಲ್ಲಿ ಭೌಗೋಳಿಕ ಗುರುತು ಪಡೆದ ಕಲಬುರಗಿ ತೊಗರಿ ಹೂ ಬಿಡುವ ಹೊತ್ತಿಗೆ ಆಳೆತ್ತರ ಬೆಳೆದಿರುತ್ತದೆ. ಪಂಪು ಬೆನ್ನಿಗೇರಿಸಿ ಸಾಲಿನೊಳಗೆ ನುಗ್ಗುವುದು ಕಷ್ಟ, ಕಾಯಿಕೊರಕವಂತೂ ಯಾರಿಗೂ ಕಾಯುವುದಿಲ್ಲ. ಹೀಗಾಗಿ ಎಣ್ಣಿ ಹೊಡೆಯುವ ಕೆಲಸ ಡ್ರೋನಿನ ಪಾಲಾಗುತ್ತಿದೆ. 2023ರ ನವೆಂಬರಿನಲ್ಲಿ ಕೇಂದ್ರ ಸಂಪುಟ ಒಪ್ಪಿದ ನಮೋ ಡ್ರೋನ್ ದೀದಿ ಯೋಜನೆ ಸ್ವಸಹಾಯ ಸಂಘದ ಮಹಿಳೆಗೆ ಕೊಡುವ ತರಬೇತಿ 15 ದಿನದ್ದು. ಅಷ್ಟು ಕಲಿತು ಹೊಲಕ್ಕಿಳಿದವರು ಪರದೆಯ ಅಂಕಿಯನ್ನೇ ನಂಬುತ್ತಾರೆ, ಬೇರೆ ದಾರಿಯೂ ಅವರಿಗಿಲ್ಲ. ಆದ್ದರಿಂದಲೇ ಆ ಅಂಕಿಯ ಯೋಗ್ಯತೆ ಎಷ್ಟೆಂದು ಕಟುವಾಗಿಯೇ ಕೇಳಬೇಕಾಗಿದೆ.

ಅದಕ್ಕೆ ಸಲ್ಲಬೇಕಾದ ಶ್ರೇಯವನ್ನು ಮೊದಲು ಸಲ್ಲಿಸೋಣ. ಲೈಪೋ ಸೆಲ್ ಪೂರ್ತಿ ತುಂಬಿದಾಗ 4.2 ವೋಲ್ಟ್ ಇರುತ್ತದೆ, 3.0ಕ್ಕಿಂತ ಕೆಳಗಿಳಿದರೆ ಕೆಡುತ್ತದೆ. ಇಳಿಕೆಯ ಕೊನೆಯ ಅಂಚಿನಲ್ಲಿ ವೋಲ್ಟೇಜ್ ಥಟ್ಟನೆ ಬೀಳುವುದರಿಂದ ಅಲ್ಲಿ ಒಂದು ಎಚ್ಚರಿಕೆ ಇರುವುದು ಒಳ್ಳೆಯದೇ. ಜೋಡಣೆಯಲ್ಲಾಗುವ ಒರಟು ತಪ್ಪುಗಳನ್ನೂ ಇಲ್ಲಿ ದೊಡ್ಡದು ಮಾಡಬೇಕಿಲ್ಲ. ಫ್ಲೈಸ್ಕೈ ಎಫ್‌ಎಸ್-ಐ6ನಂಥ ಅಗ್ಗದ ರಿಮೋಟಿನಲ್ಲಿ ಬೇರೆ ಸೆನ್ಸರ್ ಹಾಕದೆ ಕಾಣುವ ವೋಲ್ಟೇಜ್ ರಿಸೀವರಿನದೇ. ಮುಖ್ಯ ಬ್ಯಾಟರಿ ಸೊರಗುತ್ತಿದ್ದರೂ ಅದರ ವೋಲ್ಟೇಜ್ ಇಳಿಸಿಕೊಡುವ ಬಿಇಸಿ ರಿಸೀವರಿಗೆ 5 ವೋಲ್ಟ್ ಕೊಡುತ್ತಲೇ ಇರುತ್ತದೆ, ನೋಡುವವನು ನೆಮ್ಮದಿಯಿಂದಿರುತ್ತಾನೆ. ಸೆನ್ಸರಿನಲ್ಲಿ ವೋಲ್ಟೇಜನ್ನು ನಾಲ್ಕನೇ ಒಂದಕ್ಕೆ ಇಳಿಸುವ ಎರಡು ರೆಸಿಸ್ಟರುಗಳು ಶೇ 5ರಷ್ಟು ಆಚೀಚೆ ಇರುವ ಅಗ್ಗದ ಮಾಲಾದರೆ, ಕೆಟ್ಟ ಸಂದರ್ಭದಲ್ಲಿ ಮೂರು ಸೆಲ್ಲಿನ ಪ್ಯಾಕಿನ ಅಳತೆ ಸೆಲ್‌ಗೆ ಸುಮಾರು 0.28 ವೋಲ್ಟ್ ತಪ್ಪುತ್ತದೆ. ಪರದೆ ಮಾತ್ರ ದಶಾಂಶದ ಎರಡನೇ ಸ್ಥಾನದವರೆಗೂ ಗಂಭೀರವಾಗಿ ತೋರಿಸುತ್ತಿರುತ್ತದೆ. ಮಲ್ಟಿಮೀಟರ್ ಹಿಡಿದು ಹೋಲಿಸಿದರೆ ಇವೆರಡೂ ಸಿಕ್ಕಿಬೀಳುತ್ತವೆ. ನನ್ನ ತಕರಾರು ಇರುವುದು ಜೋಡಣೆಯೆಲ್ಲ ಸರಿಯಾಗಿದ್ದಾಗಲೂ ಉಳಿಯುವ ದೋಷದ ಬಗ್ಗೆ.

ಆ ದೋಷ 3.5 ಎಂಬ ಅಂಕಿಯಲ್ಲೇ ಇದೆ. ಹಾರುತ್ತಿರುವಾಗ ಕಾಣುವುದು ಬ್ಯಾಟರಿಯ ನಿಜವಾದ ಮಟ್ಟವಲ್ಲ. ಆ ಮಟ್ಟದಿಂದ ಕರೆಂಟು ಮತ್ತು ಒಳರೋಧಗಳ ಗುಣಲಬ್ಧವನ್ನು ಕಳೆದು ಉಳಿದದ್ದು ಮಾತ್ರ ಪರದೆಗೆ ಬರುತ್ತದೆ. ಮಾದರಿ ವಿಮಾನ ಮೂತಿಯೆತ್ತಿ ಏರುವಾಗ ಕೂಗಿದ ಅಲಾರಂ ತೇಲುತ್ತ ಇಳಿಯುವಾಗ ಸುಮ್ಮನಾಗುವುದು ಇದರಿಂದಲೇ. ಸಿಂಪಡಣೆ ಡ್ರೋನಿನಲ್ಲಿ ಇದು ಇನ್ನಷ್ಟು ಕುಟಿಲವಾಗುತ್ತದೆ. ಟ್ಯಾಂಕಿನಲ್ಲಿ 10 ಲೀಟರ್ ದ್ರಾವಣವಿದ್ದು ಒಟ್ಟು ತೂಕ 25 ಕೆಜಿ ಎಂದಿಟ್ಟುಕೊಳ್ಳೋಣ. ಖಾಲಿಯಾದಾಗ ಅದು 15 ಕೆಜಿ. ಗಾಳಿಯಲ್ಲಿ ನಿಲ್ಲಲು ಬೇಕಾದ ಶಕ್ತಿ ತೂಕದ ಒಂದೂವರೆ ಘಾತಕ್ಕೆ ಅನುಗುಣವಾಗಿ ಇಳಿಯುವುದರಿಂದ, ಕೊನೆಗೆ ಬೇಕಾಗುವ ಕರೆಂಟು ಮೊದಲಿನ ಅರ್ಧಕ್ಕೂ ಕಡಿಮೆ. 12 ಸೆಲ್ಲಿನ ಪ್ಯಾಕು, ಸೆಲ್‌ಗೆ 3 ಮಿಲಿ ಓಮ್ ರೋಧ, ತುಂಬಿದ ಟ್ಯಾಂಕಿಗೆ 80 ಆಂಪಿಯರ್ ಎಂದು ಹಿಡಿದರೆ ಆರಂಭದಲ್ಲಿ ಸೆಲ್‌ಗೆ 0.24 ವೋಲ್ಟ್ ಕುಸಿತ, ಕೊನೆಯಲ್ಲಿ ಸುಮಾರು 0.11. ಅಂದರೆ ತುಂಬಿದ ಟ್ಯಾಂಕಿನಡಿ ಕಂಡ 3.5ರ ಹಿಂದೆ ಇರುವುದು 3.74, ಇನ್ನೂ ಒಂದಿಷ್ಟು ಚಾರ್ಜ್ ಉಳಿದಿರುವ ಪ್ಯಾಕು. ಖಾಲಿ ಟ್ಯಾಂಕಿನಡಿ ಕಂಡ ಅದೇ 3.5ರ ಹಿಂದೆ ಇರುವುದು 3.61, ಬಹುತೇಕ ಬರಿದಾದ ಪ್ಯಾಕು. ಬ್ಯಾಟರಿ ಬರಿದಾಗುವುದೂ ಭಾರ ಇಳಿಯುವುದೂ ಒಟ್ಟಿಗೇ ನಡೆಯುವುದರಿಂದ ಒಂದರ ಇಳಿಕೆಯನ್ನು ಇನ್ನೊಂದು ಮರೆಮಾಚುತ್ತದೆ. ಹೀಗಾಗಿ ಅಲಾರಂ ತಡವಾಗುವುದು ಸಾಲು ಮುಗಿಯುವ ಹೊತ್ತಿಗೇ. ಮುಂದಿನದು ಇನ್ನೂ ಅಪಾಯಕರ. ಡ್ರೋನ್ ಇಳಿದು ಮೋಟಾರು ನಿಂತ ಮೇಲೆ ಅಂಕಿ 3.65ಕ್ಕೋ ಮೇಲಕ್ಕೋ ಚೇತರಿಸಿಕೊಳ್ಳುತ್ತದೆ. ಇನ್ನೊಂದು ಟ್ಯಾಂಕು ಆಗಬಹುದು ಎಂದು ಅದೇ ಪ್ಯಾಕಿನಲ್ಲಿ 10 ಕೆಜಿ ಹೊರಿಸಿ ಎಬ್ಬಿಸಿದರೆ, ಏರುವ ಮೊದಲೇ ಅದು 3.4ರ ಆಸುಪಾಸಿಗೆ ಕುಸಿದಿರುತ್ತದೆ.

ಹವಾಮಾನವೂ ಇದರ ಜೊತೆ ಸೇರುತ್ತದೆ. ತಂಪಿನಲ್ಲಿ ಒಳರೋಧ ಹೆಚ್ಚು, ಬಿಸಿಲಿನಲ್ಲಿ ಕಡಿಮೆ. ಚಳಿಗಾಲದ ಮುಂಜಾನೆ ಅಲಾರಂ ಬೇಗ ಕೂಗಿದಾಗ ಕಿರಿಕಿರಿಗೆ ಮಣಿದು ಮಿತಿಯನ್ನು 3.3ಕ್ಕೆ ಇಳಿಸುವುದು ಸಾಮಾನ್ಯ. 40 ಡಿಗ್ರಿ ದಾಟುವ ಕಲಬುರಗಿಯ ಬೇಸಿಗೆಯಲ್ಲಿ ಅದೇ ಮಿತಿ ಉಳಿದುಬಿಟ್ಟರೆ ಅಲಾರಂ ಕೂಗುವಾಗ ಪ್ಯಾಕಿನಲ್ಲಿ ಏನೂ ಇರುವುದಿಲ್ಲ. ಇನ್ನು ಪ್ಯಾಕಿನ ಒಟ್ಟು ವೋಲ್ಟೇಜನ್ನಷ್ಟೇ ಓದುವ ಸೆನ್ಸರಿನ ವಿಷಯ: 3.8, 3.8, 2.9 ಇರುವ ಮೂರು ಸೆಲ್ಲುಗಳ ಮೊತ್ತ 10.5, ಸರಾಸರಿ ಸೆಲ್‌ಗೆ 3.5. ಒಂದು ಸೆಲ್ ಆಗಲೇ ಕೆಟ್ಟಿರುತ್ತದೆ, ಅಲಾರಂ ಬಾಯಿ ಬಿಡುವುದು ಆಗಷ್ಟೇ.

ಈ ಮಾತಿಗೆ ಎರಡು ಬಣಗಳು ಎದುರು ನಿಲ್ಲುತ್ತವೆ. ಹಳಬರ ಬಣ ಟೆಲಿಮೆಟ್ರಿಯೇ ಬೇಡ, ಟೈಮರ್ ಸಾಕು ಎನ್ನುತ್ತದೆ. ಇವರು ವೋಲ್ಟೇಜನ್ನು ಟೀಕಿಸುವ ಧಾಟಿ ಸರಿಯಿದೆ, ಆದರೆ ತಮ್ಮ ಟೈಮರಿನ ಮೂಲವನ್ನು ಅವರು ಪರೀಕ್ಷಿಸುವುದಿಲ್ಲ. ಎಂಟು ನಿಮಿಷ ಎಂಬ ಮಿತಿ ಎಲ್ಲಿಂದ ಬಂತು? ಹೊಸ ಪ್ಯಾಕು, ಗಾಳಿಯಿಲ್ಲದ ದಿನ, ಹದವಾದ ಥ್ರಾಟಲ್ ಇದ್ದಾಗ ಗೊತ್ತುಮಾಡಿದ ಅವಧಿ ಅದು. ಪ್ಯಾಕು ಹಳತಾಗಿ ಕಾಲು ಭಾಗ ಸಾಮರ್ಥ್ಯ ಕಳೆದುಕೊಂಡರೂ ಟೈಮರ್ ಹಳೆಯ ಎಂಟನ್ನೇ ಎಣಿಸುತ್ತದೆ. ಭೀಮಾ ದಂಡೆಯ ಬಯಲಿನಲ್ಲಿ ಎದುರುಗಾಳಿಗೆ ಕಾದಾಡಿದ ನಿಮಿಷವೂ ತಣ್ಣಗೆ ತೇಲಿದ ನಿಮಿಷವೂ ಅದಕ್ಕೆ ಒಂದೇ. ಅನುಭವ ಎಂದು ಇವರು ಕರೆಯುವುದು ಬಹುಪಾಲು ಉಳಿದುಬಂದ ವಿಮಾನಗಳ ನೆನಪು, ಬಿದ್ದವುಗಳ ಲೆಕ್ಕ ಅದರಲ್ಲಿ ಸೇರಿರುವುದಿಲ್ಲ. ಇನ್ನೊಂದು ಬಣಕ್ಕೆ ಎಷ್ಟು ಸೆನ್ಸರ್ ಇದ್ದರೂ ಸಾಲದು. ಪ್ರತಿ ಸೆಲ್ಲಿನ ವೋಲ್ಟೇಜ್, ಕರೆಂಟು, ತಾಪಮಾನ ಎಲ್ಲವೂ ಪರದೆಗೆ ಬರಬೇಕು ಎನ್ನುತ್ತಾರೆ. ಕಣ್ಣು ವಿಮಾನದ ಮೇಲಿರಬೇಕಾದವನಿಗೆ ಏಳು ಅಂಕಿ ಓದಿಸುವುದರಿಂದ ಆಗುವ ಲಾಭವೇನು? 2021ರ ಡ್ರೋನ್ ನಿಯಮಗಳು ಮಾದರಿ ವಿಮಾನವನ್ನು ಕಣ್ಣಳತೆಯೊಳಗೇ ಹಾರಿಸಬೇಕೆನ್ನುತ್ತವೆ, ಪರದೆಗೆ ತಲೆಬಾಗಿಸಿದವನಿಗೆ ಅದು ಆಗದ ಮಾತು. ಎರಡೂ ಬಣಗಳು ಉಪಕರಣದ ಆಯ್ಕೆಯ ಬಗ್ಗೆ ಜಗಳವಾಡುತ್ತವೆ. ಆ ಉಪಕರಣ ಕೊಟ್ಟ ಅಂಕಿ ನಿಜವೇ ಎಂದು ಹಾರಾಟದ ನಂತರ ಪರೀಕ್ಷಿಸುವ ಅಭ್ಯಾಸ ಮಾತ್ರ ಎರಡರಲ್ಲೂ ಅಪರೂಪ.

ಈಗಿನ ಡ್ರೋನ್ ತಾನೇ ಮರಳಿ ಬರುತ್ತದೆ, ಇಷ್ಟು ತಲೆಕೆಡಿಸಿಕೊಳ್ಳುವುದೇಕೆ ಎಂಬ ಆಕ್ಷೇಪವೂ ಇದೆ. ಮರಳುವ ಆಜ್ಞೆ ಹುಟ್ಟುವುದು ಯಾವ ಅಂಕಿಯಿಂದ ಎಂದು ಕೇಳಬೇಕು. ಹವ್ಯಾಸಿಗಳ ನಡುವೆ ಹುಟ್ಟಿ ಬೆಳೆದ ಆರ್ಡುಪೈಲಟ್ ಎಂಬ ಹಾರಾಟ ನಿಯಂತ್ರಣ ತಂತ್ರಾಂಶದಲ್ಲಿ ಕುಸಿತವನ್ನು ಸರಿದೂಗಿಸಿದ ವೋಲ್ಟೇಜನ್ನು ಆಧಾರವಾಗಿಸುವ ಆಯ್ಕೆ ಇದೆ, ಆದರೆ ಅದಕ್ಕೆ ಕರೆಂಟ್ ಸೆನ್ಸರ್ ಬೇಕು, ಸೆಟ್ಟಿಂಗ್ ಬದಲಿಸಲೂಬೇಕು. ಬದಲಿಸದಿದ್ದರೆ ಅದು ನಂಬುವುದು ಕಚ್ಚಾ ವೋಲ್ಟೇಜನ್ನೇ. ಆ ವೋಲ್ಟೇಜ್ ಮಿತಿಯ ಕೆಳಗೆ 10 ಸೆಕೆಂಡ್ ನಿಂತ ಮೇಲೆ ಆಜ್ಞೆ ಹೊರಡುತ್ತದೆ. ದೋಷವಿರುವ ಅಂಕಿಗೆ ಅಧಿಕಾರ ಕೊಟ್ಟ ಮಾತ್ರಕ್ಕೆ ದೋಷ ಹೋಗುವುದಿಲ್ಲ.

ಇಡೀ ಪದ್ಧತಿಯಲ್ಲಿ ಅವಗಣನೆಗೆ ಒಳಗಾದ ಸಾಕ್ಷಿಯೊಂದಿದೆ. ಅದು ನೆಲದ ಮೇಲಿರುವ ಚಾರ್ಜರ್. ಹಾರಾಟದ ನಂತರ ಪ್ಯಾಕಿಗೆ ಅದು ಎಷ್ಟು ಮಿಲಿ ಆಂಪಿಯರ್-ಅವರ್ ಮರಳಿ ತುಂಬಿತು ಎಂಬುದಕ್ಕೆ ಹಾರಾಟದ ಹೊರೆ, ಗಾಳಿ, ಕುಸಿತ ಯಾವುದರ ಹಂಗೂ ಇಲ್ಲ. 2200ರ ಪ್ಯಾಕಿಗೆ 1700 ಹೋದರೆ ಶೇ 77 ಬಳಕೆಯಾಗಿದೆ, ಅಲಾರಂ ಸರಿಯಾದ ಜಾಗದಲ್ಲಿದೆ. 2050 ಹೋದರೆ, ಪರದೆ ಏನೇ ತೋರಿಸಿರಲಿ, ಅಲಾರಂ ತಪ್ಪು ಜಾಗದಲ್ಲಿದೆ. ಮಿತಿಯನ್ನು ಮೊದಲೇ 3.5 ಎಂದು ಗೊತ್ತುಮಾಡಿ ಹಾರುವ ಬದಲು, ಚಾರ್ಜರಿನ ಲೆಕ್ಕ ನೋಡಿ, ಶೇ 20ರಿಂದ 25 ಉಳಿಯುವಂತೆ, ಪ್ರತಿ ಪ್ಯಾಕಿಗೂ ಪ್ರತಿ ಋತುವಿಗೂ ಆ ಮಿತಿಯನ್ನು ತಿದ್ದಬೇಕು. ಅಲಾರಂ ಅನ್ನು ಅತಿ ಕಡಿಮೆ ವೋಲ್ಟೇಜ್ ಇರುವ ಸೆಲ್ಲಿಗೆ ಕಟ್ಟಬೇಕು. ಸಿಂಪಡಣೆಯಲ್ಲಂತೂ ಪ್ರತಿ ಟ್ಯಾಂಕಿಗೆ ಹೊಸ ಪ್ಯಾಕು ಎಂಬ ನಿಯಮ ಪರದೆಯ ಅಂಕಿಗಿಂತ ಮೇಲಿರಬೇಕು. ಇಷ್ಟು ಮಾಡದೆ ಬರೀ ಸೆನ್ಸರ್ ಜೋಡಿಸಿ ಕಲಿಸುವ ತರಬೇತಿ ಅರ್ಧ ತರಬೇತಿ. ಆಳಂದದ ತೊಗರಿ ಸಾಲಿನ ಮೇಲೆ 25 ಕೆಜಿ ಎತ್ತುವವರಿಗೆ ಅಂಕಿ ಓದಲು ಕಲಿಸುವಷ್ಟೇ ಕಾಳಜಿಯಿಂದ ಆ ಅಂಕಿಯನ್ನು ಚಾರ್ಜರಿನ ಲೆಕ್ಕದೆದುರು ಒರೆಗೆ ಹಚ್ಚಲೂ ಕಲಿಸಬೇಕು.